ಏಳನೇ ಕಲಂ

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ ನನ್ನ ಅಂಗಡಿ.
ಜೆರಾಕ್ಸು, ಲ್ಯಾಮಿನೇಶನ್ನು, ಪುಟಕ್ಕೆ ಇಪ್ಪತ್ತು ರೂಪಾಯಿಯ ಟೈಪಿಂಗು.
ಗಂಡನ ಮೇಲಿನ ದೂರು, ಬಾಡಿಗೆ ಕರಾರು,
ಸತ್ತವರ ಹೆಸರು ರೇಶನ್ ಕಾರ್ಡಿನಿಂದ ತೆಗೆಸುವ ಅರ್ಜಿ,
ಎಲ್ಲಕ್ಕೂ ಅದೇ ನುಡಿ, ಅಕ್ಷರದ ಗಾತ್ರ ಹದಿನಾಲ್ಕು.

ಆಗಸ್ಟು ಬಂತೆಂದರೆ ಆಟದ ಮಕ್ಕಳು ಬರುತ್ತಾರೆ,
ಮೊಣಕಾಲಿಗೆ ಬ್ಯಾಂಡೇಜು, ಕೈಯಲ್ಲಿ ಟೀಸಿ.
ಕಾಲೇಜು ಬದಲಿಸಿದವರು ಒಂದು ವರ್ಷ ಆಡುವಂತಿಲ್ಲ.
ವಿನಾಯಿತಿ ಬೇಕಾದವರಿಗೆ ಒಂದು ನಮೂನೆ ಇದೆ.
ಏಳನೇ ಕಲಂ: ಕಾರಣ.
ನಾಲ್ಕು ಗೆರೆ ಜಾಗ.

ನಿಯಮ ಕೆಟ್ಟದ್ದಲ್ಲ. ನಾನೇ ಕಂಡಿದ್ದೇನೆ,
ಹೊಸ ಕಟ್ಟಡದ ಕಾಲೇಜೊಂದು ಫೀಸು ಬಿಟ್ಟು, ಶೂ ಕೊಡಿಸಿ
ಇನ್ನೊಂದರ ಖೋ ಖೋ ತಂಡವನ್ನೇ
ಟೆಂಪೊದಲ್ಲಿ ತುಂಬಿಕೊಂಡು ಹೋದದ್ದು.
ಇಲ್ಲಿ ಉಳಿದವರು ಆರು ಜನ. ಅಂಕಣಕ್ಕೆ ಒಂಬತ್ತು ಬೇಕು.
ಆ ವರ್ಷವಿಡೀ ಆರು ಮಂದಿ
ಸಂಜೆ ಬಂದು ಕಂಬ ಮುಟ್ಟಿ ಮನೆಗೆ ಹೋದರು.

ಆ ನಾಲ್ಕು ಗೆರೆಗೆ ಏನು ಬೇಕೆಂದು ನನಗೀಗ ಗೊತ್ತು.
‘ಅನಿವಾರ್ಯ ಕೌಟುಂಬಿಕ ಕಾರಣಗಳಿಂದ’ ಎಂದರೆ ಬಾಗಿಲು ಅರ್ಧ ತೆರೆಯುತ್ತದೆ.
‘ತಂದೆಯವರ ಅನಾರೋಗ್ಯ’ ಎಂದರೆ ಪೂರ್ತಿ.
ಡಾಕ್ಟರ ಚೀಟಿ ಇದ್ದರೆ ಕುರ್ಚಿಯನ್ನೂ ಹಾಕುತ್ತಾರೆ.

ಪೃಥ್ವಿಕಾ ಬಂದಳು, ಜೊತೆಗೆ ಸೋದರಮಾವ.
ಮಾವ ಹೇಳುತ್ತ ಹೋದ, ಅವಳು ಮೊಬೈಲು ನೋಡುತ್ತ ನಿಂತಳು.
ತಂದೆಗೆ ಬೆನ್ನುಮೂಳೆ ಸವೆದಿದೆಯಂತೆ, ಮಗಳು ಹತ್ತಿರವೇ ಇರಬೇಕಂತೆ.
ಆ ತಂದೆ ಹೊರಗೆ, ಒಬ್ಬನೇ,
ಬುಲೆಟ್ಟನ್ನು ಡಬಲ್ ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸುತ್ತಿದ್ದ.
ಟೈಪು ಮಾಡಿದೆ. ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಅದೇ ಸಂಜೆ, ಕರೆಂಟು ಹೋಗಿ ಬಂದ ಮೇಲೆ,
ಸುಗುಣಾ ಹುಚ್ಚಪ್ಪ. ತುಮರಿ ಕಡೆಯವಳು.
‘ಅಲ್ಲಿ ನನ್ನ ಆಡಿಸ್ತಿರ್ಲಿಲ್ಲ ಅಣ್ಣ.
ಕೋಚಿನ ಮಗಳದ್ದೂ ನಂದೂ ಒಂದೇ ಜಾಗ.
ಅದ್ಕೇ ಬಿಟ್ಟು ಬಂದೆ. ಹಂಗೇ ಹಾಕಿ.’

‘ಹಂಗೆ ಹಾಕಿದ್ರೆ ಆಗಲ್ಲಮ್ಮ. ಮನೇಲಿ ಯಾರಿಗೂ ಹುಷಾರಿಲ್ವಾ?’

ಅವಳು ನಿಜಕ್ಕೂ ಯೋಚಿಸಿದಳು,
ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡುವವಳ ಹಾಗೆ.
‘ಅಜ್ಜಿಗೆ ಮಂಡಿನೋವು. ಆದ್ರೆ ಗುಡ್ಡ ಹತ್ತಿ ಸೊಪ್ಪು ತರ್ತಾಳೆ.
ಅದಕ್ಕೂ ಇದಕ್ಕೂ ಏನಣ್ಣ?’

ಅವಳ ಮಾತು ಎರಡು ಗೆರೆಗೇ ಮುಗಿಯಿತು.
ಉಳಿದೆರಡು ಗೆರೆ ಖಾಲಿ.
ಪ್ರಿಂಟು ಹೊರಬರುವಾಗ ಆ ಖಾಲಿಯನ್ನೇ ನೋಡುತ್ತಿದ್ದೆ.

ಪೃಥ್ವಿಕಾಗೆ ಹನ್ನೊಂದು ದಿನದಲ್ಲಿ ಸಿಕ್ಕಿತು.
ಸುಗುಣಾ ತನ್ನ ಉತ್ತರವನ್ನು ಜೆರಾಕ್ಸಿಗೆ ತಂದಳು:
‘ಕಾರಣ ಸಮರ್ಪಕವಾಗಿಲ್ಲ.’
ಸುಳ್ಳು ಎಂದಿಲ್ಲ. ಸಾಲದು, ಅಷ್ಟೆ.

ಸಮಿತಿಯವರನ್ನು ಬೈಯಲು ನನಗೆ ಬಾಯಿಲ್ಲ.
ಅವರೆದುರು ಬಂದದ್ದು ಕಾಗದ.
ಬುಲೆಟ್ಟು ಕಂಡವನು ನಾನು.

ನವೆಂಬರಿನಲ್ಲಿ ಅಂಗಡಿ ಮುಚ್ಚಿ ಸ್ಟೇಡಿಯಮ್ಮಿಗೆ ಹೋದೆ.
ಪೃಥ್ವಿಕಾ ಕಂಬ ಹಿಡಿದು ಮೈಯನ್ನು ಬಿಲ್ಲಿನಂತೆ ಎಸೆದು
ಓಡುವವಳ ಹಿಮ್ಮಡಿ ಮುಟ್ಟಿದಳು.
ಚೆನ್ನಾಗಿ ಆಡುತ್ತಾಳೆ.
ಚಪ್ಪಾಳೆ ಹೊಡೆದೆ, ಹೊಡೆಯಬಾರದಿತ್ತು ಅಂತಲೂ ಅನ್ನಿಸಲಿಲ್ಲ.

ಗೆರೆಯ ಆಚೆ, ಅಂಕದ ಹಲಗೆಯ ಪಕ್ಕ, ಸುಗುಣಾ.
ಖೋ ಆಟದಲ್ಲಿ ಕೂತವಳು ತಾನಾಗಿ ಏಳುವಂತಿಲ್ಲ,
ಹಿಂದಿನಿಂದ ಕೈ ತಾಗಬೇಕು, ಕೂಗು ಕೇಳಬೇಕು.
ಹಾಗೇ ಕೂತಿದ್ದಳು, ಒಂದು ಕಾಲು ಮುಂದೆ,
ಬೆರಳು ಮಣ್ಣಿಗೆ ಊರಿ.
ಪ್ರತಿ ಔಟಿಗೂ ಕೈ ಚಾಚಿ ಅಂಕಿ ತಿರುಗಿಸಿ
ಮತ್ತೆ ಅದೇ ಭಂಗಿಗೆ ಮರಳುತ್ತಿದ್ದಳು.

ನನ್ನ ಕಂಡು ಕೂಗಿದಳು:
‘ಅಣ್ಣ, ಮುಂದಿನ ವರ್ಷ ಅರ್ಜಿ ಬೇಡ ಅಲ್ವಾ?’
ಬೇಡ ಎಂದು ಕೈಯಾಡಿಸಿದೆ.
ಜೇಬಿನಲ್ಲಿ ಚಿಲ್ಲರೆ ಸದ್ದು ಮಾಡಿತು.
ಎರಡು ಗೆರೆಗೂ ಪೂರ್ತಿ ಇಪ್ಪತ್ತೇ ತಗೊಂಡಿದ್ದೆ.