ಉಚ್ಸಾಯ್ ದಾರಿಯ ಐಸ್ ಪೆಟ್ಟಿಗೆ

ನನ್ನದು ಬರೀ ಡ್ರೈವರ್ ಕೆಲಸ.
ನುಕುಸ್‌ನಿಂದ ಮುಯ್ನಾಕ್, ಅಲ್ಲಿಂದ ಉಚ್ಸಾಯ್.
ಹಿಂದಿನ ಸೀಟಿನಲ್ಲಿ ಡಾಕ್ಟರ್ ಪೆರಿಜಾತ್,
ಪಕ್ಕದಲ್ಲಿ ಮಗುವಿನ ಹಾಗೆ ಬೆಲ್ಟು ಬಿಗಿಸಿಕೊಂಡು
ನೀಲಿ ಐಸ್ ಪೆಟ್ಟಿಗೆ.
ಒಳಗೇನು ಎಂದು ಚೆಕ್‌ಪೋಸ್ಟಿನ ಹುಡುಗ ಕೇಳಿದಾಗೆಲ್ಲ
ನಿಜವನ್ನೇ ಹೇಳುತ್ತೇನೆ.
ಒಂದೇ ಒಂದು ಸಲ ಮುಚ್ಚಳ ತೆಗೆಸಿದ.

ಮುಯ್ನಾಕ್ ದಾಟಿದರೆ ರಸ್ತೆ ಇಲ್ಲ,
ತಳ ಇದೆ.
ನಮ್ಮಪ್ಪ ಬಲೆ ಬೀಸುತ್ತಿದ್ದ ನೀರಿನ ತಳ.
ಗೇರು ಬದಲಿಸುವಾಗ ಚಿಪ್ಪುಗಳು ಪಟಪಟ ಒಡೆಯುತ್ತವೆ,
ನಾಲಿಗೆ ಹೊರಗಿಟ್ಟರೆ ಸಾಕು, ಉಪ್ಪು.
ಉಪ್ಪೊಂದೇ ಅಲ್ಲ ಅನ್ನುತ್ತಾಳೆ ಡಾಕ್ಟರ್:
ಹತ್ತಿ ಹೊಲಗಳಿಗೆ ಹೊಡೆದದ್ದೆಲ್ಲ
ನದಿಯ ಜೊತೆ ಬಂದು ಇಲ್ಲಿ ಮಲಗಿತ್ತು,
ಹೊದಿಕೆ ಹೋಯಿತು, ಎದ್ದು ಕೂತಿದೆ.

ಅವಳು ಕಿಟಕಿಯ ಅಂಚಿನ ಧೂಳು ಒರೆಸಿಕೊಳ್ಳುತ್ತಾಳೆ,
ಕೊಳಾಯಿ ನೀರು ಒಂದು ಶೀಸೆ,
ಕಿವಿಯ ಹಿಂದಿನ ನಾಲ್ಕು ಕೂದಲು,
ಆಮೇಲೆ, ದನಿ ತಗ್ಗಿಸಿ, ಆ ಪುಟ್ಟ ಡಬ್ಬ.
ಹೊಟ್ಟೆಯೊಳಗೂ ಒಂದು ಊರಿದೆಯಂತೆ,
ಕಣ್ಣಿಗೆ ಕಾಣದ ಒಕ್ಕಲು, ಲಕ್ಷ ಕೋಟಿ.
ಯಾರು ಉಳಿದರು, ಯಾರು ಗುಳೆ ಎದ್ದರು,
ಯಾರ ಮನೆಗೆ ಯಾರು ಬಂದು ಸೇರಿಕೊಂಡರು,
ಅದರ ಗಣತಿ.
ನಮ್ಮ ಬೀದಿಯದೂ ಹೀಗೇ ಮಾಡಬಹುದಿತ್ತು.
ಹನ್ನೊಂದು ಮನೆ, ಹೊಗೆ ಏಳುವುದು ನಾಲ್ಕರಲ್ಲಿ.

ಬೀಬಿಖಾನ್ ಅಜ್ಜಿ ಡಬ್ಬ ನೋಡಿ ನಕ್ಕಿದ್ದಳು, ಕೆಮ್ಮು ಬರುವ ತನಕ:
"ಮೂವತ್ತು ವರ್ಷ ಕಾರ್ಖಾನೆಯಲ್ಲಿ
ಡಬ್ಬಕ್ಕೆ ಮೀನು ತುಂಬಿದವಳು ನಾನು.
ಸಮುದ್ರ ಹೋದ ಮೇಲೂ ತುಂಬಿದೆ,
ಎಲ್ಲಿಂದಲೋ ರೈಲಿನಲ್ಲಿ, ಐಸಿನ ಮೇಲೆ ಬರುತ್ತಿತ್ತು ಮೀನು.
ಈಗ ನನಗೇ ಡಬ್ಬ ಕೊಡುತ್ತೀಯಾ?"
ಮರುದಿನ ಕೊಟ್ಟಳು, ಬಟ್ಟೆಯಲ್ಲಿ ಸುತ್ತಿ,
ಮೇಲೆ ತಾರೀಕು, ಪಾಳಿ, ತಪಾಸಣೆ ಮಾಡಿದವರ ಸಹಿ.

ಜುಲೈನಲ್ಲಿ ಕರೆಂಟು ಹೋಯಿತು. ಎರಡು ದಿನ.
ಆಸ್ಪತ್ರೆಯ ಜನರೇಟರ್‌ಗೆ ಡೀಸೆಲ್ ಇರಲಿಲ್ಲ,
ನನ್ನ ಗಾಡಿಯದನ್ನು ಹೀರಿ ಹಾಕಿದೆ, ಸಾಲಲಿಲ್ಲ.
ಅರವತ್ತೊಂದು ಡಬ್ಬ.
ಡಾಕ್ಟರ್ ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು
ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಒಳಗಿಂದ ಹೊರಗೆ ಮಾಡಿದಳು.

ಮತ್ತೆ ಮನೆ ಮನೆ. ಬಾಗಿಲು ತಟ್ಟಿದ್ದು ನಾನು,
ಅವಳಿಗೆ ಮುಖ ಇರಲಿಲ್ಲ.
"ನಮಗೆ ಸಮುದ್ರವೇ ಹೋಯಿತು," ಅಂದಳು ಅಜ್ಜಿ,
"ಅರವತ್ತೊಂದು ಡಬ್ಬಕ್ಕೆ ಈ ಮುಖವೇ? ಚಹಾ ಕುಡಿ.
ನಾಳೆ ಬೆಳಿಗ್ಗೆ ಬಾ. ನನ್ನ ಹೊಟ್ಟೆ ಸುಳ್ಳು ಹೇಳುವುದಿಲ್ಲ."

ಸಾಗಿಂದಿಕ್ ಮಾತ್ರ ಬಾಗಿಲು ಪೂರ್ತಿ ತೆರೆಯಲಿಲ್ಲ.
ಹೆಂಡತಿಯ ಕೂದಲು ಅವರು ಕತ್ತರಿಸಿಕೊಂಡು ಹೋದಾಗ ಬದುಕಿದ್ದಳು.
"ಮೊದಲು ಕೊಟ್ಟದ್ದರ ಉತ್ತರ ಎಲ್ಲಿ?"
ಡಾಕ್ಟರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು,
"ಇತರೆ" ಎಂಬ ಕಾಲಮ್ಮಿನಲ್ಲಿ.
ಬೇರೆ ಕಾಲಮ್ ಇರಲಿಲ್ಲ.

ನನ್ನದೂ ಒಂದಿದೆ ಅದರಲ್ಲಿ, ನೂರಾ ಹದಿನೇಳು.
ಕೇಳಿದ್ದಕ್ಕೆ ಪರದೆಯ ಮೇಲೆ ತೋರಿಸಿದಳು:
ಬಣ್ಣದ ಪಟ್ಟಿಗಳು, ನನ್ನಕ್ಕ ನೇಯುತ್ತಿದ್ದ ಜಮಖಾನದ ಅಂಚು.
"ಈ ಹಸಿರು ಇನ್ನಷ್ಟು ಅಗಲ ಇರಬೇಕಿತ್ತು."
ಧೂಳಿಗಾ? ನೀರಿಗಾ? ನನ್ನ ಸಿಗರೇಟಿಗಾ?
"ಗೊತ್ತಿಲ್ಲ," ಅಂದಳು. ಸ್ವಲ್ಪ ತಡೆದು, "ಇನ್ನೂ ಗೊತ್ತಿಲ್ಲ."
ಬಿಳಿ ಕೋಟಿನವರ ಬಾಯಲ್ಲಿ ಆ ಮಾತು
ನಾನು ಕೇಳಿದ್ದು ಅದೇ ಮೊದಲು.

ನೀರು ಹಿಂದೆ ಸರಿದ ವರ್ಷ ಅಮ್ಮ
ಅಪ್ಪನ ಭುಜ ಹಿಡಿದು ಹೇಳಿದ್ದಳು:
ಯಾರನ್ನು ಬೈದೇನು, ಹೊಟ್ಟೆಗೆ ಹಾಕಿಕೊಂಡುಬಿಡು.
ಹಾಕಿಕೊಂಡೆವು. ಎಲ್ಲರೂ.
ಈಗ ಅದನ್ನೇ ಗ್ರಾಂ ಲೆಕ್ಕದಲ್ಲಿ
ಮೈನಸ್ ಇಪ್ಪತ್ತರಲ್ಲಿ ಒಯ್ಯುತ್ತಿದ್ದೇನೆ, ಗುಂಡಿ ತಪ್ಪಿಸುತ್ತ.

ನಿನ್ನೆ ಚೆಕ್‌ಪೋಸ್ಟಿನ ಹುಡುಗ
ಪೆಟ್ಟಿಗೆಯ ಬಗ್ಗೆ ಕೇಳಲಿಲ್ಲ.
ಕಿಟಕಿಗೆ ಬಗ್ಗಿ, ಅತ್ತ ಇತ್ತ ನೋಡಿ, ಮೆಲ್ಲಗೆ:
"ಅಣ್ಣ, ನನ್ನದೂ ತಗೊಳ್ತಾರಾ?"
ಡಬ್ಬ ಕೊಟ್ಟೆ.
ಮುಚ್ಚಳ ಬಿಗಿಯಾಗಿ ತಿರುಗಿಸು ಅಂದೆ.