ಮೂರನೇ ಕ್ಯಾಮೆರಾ

ಅಕ್ಟೋಬರಿನ ರಾತ್ರಿ ಒಂಬತ್ತು. ಅಂಗಿ ಬೆನ್ನಿಗಂಟಿದೆ.
ರಾಸ್ ಅಲ್ ಖೈಮಾದ ಹಿನ್ನೀರ ದಂಡೆಯ ಮೈದಾನ;
ಬೇಲಿಯಾಚೆ ಕಾಂಡ್ಲಾ ಪೊದೆ, ಅದರಾಚೆ
ಸಿಮೆಂಟ್ ಕಾರ್ಖಾನೆಯ ನೆತ್ತಿಯಲ್ಲೊಂದು ಕೆಂಪು ದೀಪ.
ವಾರವೆಲ್ಲ ಅಂಗಡಿಗಳಿಗೆ ಸಿಸಿಟಿವಿ ಕೂರಿಸುವ ನಾನು
ಶುಕ್ರವಾರ ಮಾತ್ರ ರಗ್ಬಿ ಲೀಗಿನ
ಮರುನೋಟದ ಡಬ್ಬಿಯ ಮುಂದೆ ಕೂರುತ್ತೇನೆ.
ಎಂಬತ್ತು ದಿರ್ಹಮ್, ಒಂದು ಶವರ್ಮಾ.
ಕ್ಯಾಮೆರಾ ಮೂರು. ಮೂರನೆಯದು
ಮೂಲೆಯ ಗೆರೆಯ ನೇರಕ್ಕೆ. ಕಂಬಕ್ಕೆ ಕಟ್ಟಿದ್ದು ನಾನೇ.

ಟ್ರೈ ಅಂದರೆ ಪ್ರಯತ್ನ ಎಂದು
ಉಪ್ಪುಂದದ ಶಾಲೆಯಲ್ಲಿ ಕಲಿತಿದ್ದೆ.
ಇಲ್ಲಿ ಹಾಗಲ್ಲ. ಇಲ್ಲಿ ಟ್ರೈ ಅಂದರೆ ಫಲ:
ಚೆಂಡು, ಕೈ, ನೆಲ, ಮೂರೂ ಒಂದೇ ಕ್ಷಣ
ಗೆರೆಯ ಮೇಲೋ ಗೆರೆಯಾಚೆಗೋ ಕೂಡಬೇಕು.
ಕೂಡದಿದ್ದರೆ ಅಲ್ಲಿವರೆಗಿನ ಪ್ರಯತ್ನವೆಲ್ಲ
ಬರೀ ಬೆವರು.

ಎಪ್ಪತ್ತೆಂಟನೇ ನಿಮಿಷ. ಐದನೇ ಟ್ಯಾಕಲ್.
ಟೊಂಗಾದ ಸೆಮಿಸಿ, ಹಗಲು ಕ್ರೇನ್ ಓಡಿಸುವವ,
ಮೂವರನ್ನು ಸೊಂಟಕ್ಕೆ ನೇತುಹಾಕಿಕೊಂಡೇ
ಮೂಲೆಗೆ ಎಗರಿದ. ಹುಲ್ಲಿನ ನೀರು ಚಿಮ್ಮಿತು.
ರೆಫರಿ ಡೆರಿಕ್ ಎರಡು ಹೆಜ್ಜೆ ಹಿಂದಿದ್ದ.
ನನ್ನ ಕಡೆ ತಿರುಗಿ ಗಾಳಿಯಲ್ಲಿ ಚೌಕ ಬರೆದ:
"ನನ್ನ ಪ್ರಕಾರ ಟ್ರೈ ಅಲ್ಲ. ನೋಡಿ ಹೇಳಿ."

ಪಕ್ಕದಲ್ಲಿ ವಿಡಿಯೊ ರೆಫರಿ ಮೊರಾಗ್ ಮೇಡಂ, ಹಲ್ಲಿನ ಡಾಕ್ಟರು.
"ಹಿಂದಕ್ಕೆ." ತಿರುಗಿಸಿದೆ.
"ಇನ್ನೂ." ಸೆಮಿಸಿ ನೆಲದಿಂದೆದ್ದು ಗಾಳಿಗೆ ಹೋದ,
ಚಿಮ್ಮಿದ ನೀರು ಹುಲ್ಲಿಗೆ ಮರಳಿತು,
ಸೊಂಟದ ಮೂವರು ಒಬ್ಬೊಬ್ಬರಾಗಿ ಕಳಚಿಕೊಂಡರು,
ಡೆರಿಕ್ ಬೆನ್ನು ಮುಂದಾಗಿ ಓಡಿದ.
ಅರೆಗಳಿಗೆ, ಯಾರೂ ಇನ್ನೂ ತಪ್ಪು ಮಾಡಿರಲಿಲ್ಲ.

ಮೊದಲ ಕ್ಯಾಮೆರಾದಲ್ಲಿ ಯಾರದೋ ಬೆನ್ನು.
ಎರಡರಲ್ಲಿ ಮಂಡಿ.
ಮೂರರಲ್ಲಿ ಹಾಲು. ಬರೀ ಹಾಲು.
ಹಿನ್ನೀರಿಂದೆದ್ದ ತೇವ ಮಸೂರಕ್ಕೆ ಮೆತ್ತಿತ್ತು.
ವಿರಾಮದಲ್ಲಿ ಒರೆಸಬೇಕಿತ್ತು. ಬಟ್ಟೆ ಜೇಬಲ್ಲೇ ಇತ್ತು.
ನಾನು ಶವರ್ಮಾ ತಿನ್ನುತ್ತಿದ್ದೆ.

"ಸಾಕ್ಷಿ ಸಾಲದು," ಎಂದರು ಮೇಡಂ ಮೈಕಿಗೆ,
"ಮೈದಾನದ ಮಾತೇ ನಿಲ್ಲಲಿ."
ನಿಂತಿತು. ಸೆಮಿಸಿಯ ತಂಡ ಎರಡಂಕಕ್ಕೆ ಸೋತಿತು.
ಇನ್ನೂರು ಬಾಯಿ ಡೆರಿಕನ ಕಣ್ಣಿಗೆ ಬೈದವು,
ಅವನ ತಾಯಿಗೆ ಬೈದವು,
ಈ ಮರಳಿಗೆ ಎಂಥೆಂಥವರನ್ನು ಕಳಿಸುತ್ತಾರೋ ಎಂದವು.
ಜೇಬಿನ ಬಟ್ಟೆಗೆ ಯಾರೂ ಬೈಯಲಿಲ್ಲ.

ಊರ ಕಬಡ್ಡಿಯಲ್ಲಿ ನಡುಗೆರೆ ಸುಣ್ಣದ್ದು.
ಹತ್ತು ನಿಮಿಷಕ್ಕೆ ಕಾಲುಗಳೇ ಅದನ್ನು ಹೊತ್ತೊಯ್ಯುತ್ತಿದ್ದವು,
ಆಮೇಲೆ ಗೆರೆ ಉಳಿಯುತ್ತಿದ್ದದ್ದು
ಅಂಪೈರ್ ಕುಷ್ಟ ಖಾರ್ವಿಯ ಗಂಟಲಲ್ಲಿ:
"ಹೋಯ್, ಔಟ್ ಅಂದ್ರೆ ಔಟ್!"
ಒಮ್ಮೆ ನಾನು ಉಸಿರುಗಟ್ಟಿ ಮರಳುವಾಗ
ಚಾಚಿದ ಬೆರಳು ನಾಲ್ಕಂಗುಲ ಸಾಲದೆ ಬಿತ್ತು.
ಮುಟ್ಟಿತು ಎಂದರು ಅವರು.
ನಾನು ಎದ್ದು ಮಣ್ಣು ಕೊಡವಿಕೊಂಡೆ.
ಶೀಲ್ಡು ನಮಗೇ ಬಂತು.

ಹನ್ನೊಂದಕ್ಕೆ ಕೇಬಲ್ ಸುತ್ತುತ್ತಿದ್ದೆ.
ಡೆರಿಕ್ ಬಂದ, ಕಾಲಲ್ಲಿ ಬರೀ ಸಾಕ್ಸು, ಕೊರಳಲ್ಲಿನ್ನೂ ಸೀಟಿ.
"ಇನ್ನೊಮ್ಮೆ ತೋರಿಸ್ತೀಯಾ? ಅಂಕಕ್ಕಲ್ಲ. ನನಗೆ."
ಬೇಲಿಯ ಬಳಿ ನಿಂತು ಶಮೂನ್ ಮೊಬೈಲಲ್ಲಿ ಹಿಡಿದದ್ದಿತ್ತು.
ಡೆರಿಕ್ ಓದುವ ಕನ್ನಡಕ ಹಾಕಿಕೊಂಡ
(ಇದನ್ನು ಗ್ಯಾಲರಿ ನೋಡಿದ್ದರೆ!),
ನಾಲ್ಕು ಸಲ ನೋಡಿದ.
ಚೆಂಡು ಹುಲ್ಲಿಗೆ ಒತ್ತಿತ್ತು. ಗೆರೆಯಾಚೆ, ಒಂದು ಗೇಣು.
ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡ:
ಎರಡು ಹೆಜ್ಜೆ ಎಡಕ್ಕೆ ನಿಲ್ಲಬೇಕಿತ್ತು.

ಆಗ ನಾನು ಜೇಬಿಂದ ಬಟ್ಟೆ ತೆಗೆದೆ.
"ಇದು ಇಲ್ಲೇ ಇತ್ತು," ಎಂದೆ.
ಕಬಡ್ಡಿಯದೂ ಹೇಳಬೇಕೆನಿಸಿತು;
ಇಂಗ್ಲಿಷಿನಲ್ಲಿ ನಾಲ್ಕಂಗುಲಕ್ಕೆ ಮಾತು ಸಿಗಲಿಲ್ಲ.

ಅವನು ಬಟ್ಟೆ ನೋಡಿದ, ನನ್ನ ನೋಡಿದ.
ಇಸಿದುಕೊಂಡು ಕನ್ನಡಕ ಒರೆಸಿದ, ನಿಧಾನ,
ಒಂದು ಗಾಜು, ಆಮೇಲೆ ಇನ್ನೊಂದು.
ಮಡಚಿ ನನ್ನ ಕೈಗಿಟ್ಟ.
"ಶುಕ್ರವಾರ ತಾ," ಎಂದ.