ಸುಳಿಗೊಂದು ಚಿಟಿಕಿ

ನಸುಕಿನ್ಯಾಗ ಹೊಲಕ್ಕ ಬಂದೀನಿ,
ಉಡ್ಯಾಗ ಮಾಂಜ್ರಾದ ಉಸುಕು.
ಪುಷ್ಯ ಮಳಿ ಜಾರಿ ಆಶ್ಲೇಷ ಹಿಡದದ,
ಮೆಕ್ಕಿಜ್ವಾಳ ಮೊಣಕಾಲು ದಾಟ್ಯಾದ.
ಎಲಿ ಮ್ಯಾಲ ಅಡ್ಡಸಾಲಿಗಿ ತೂತು,
ಹಾಳಿ ಮಡಚಿ ಯಾರೋ ಕತ್ತರಿ ಹಾಕಿದಂಗ.
ಸುಳಿ ಬಿಡಿಸಿದರ ಗರಗಸದ ಪುಡಿಯಂಥ ಹಿಕ್ಕಿ,
ಅದರ ತಳಕ್ಕ ಅಂವ.

ಕೃಷಿ ಕೇಂದ್ರದ ಹುಡುಗ ಹುಳದ ತಲಿ ಮ್ಯಾಲ
ಒಂದು ಇಂಗ್ಲಿಷ್ ಅಕ್ಷರ ತೋರಿಸಿದ್ದ.
ನನಗ ಕಂಡಿದ್ದು ತಲಿಕೆಳಗ ಇಟ್ಟ ಕವಲುಕೋಲು,
ಬಾಲದ ಕಡಿ ನಾಕು ಚುಕ್ಕಿ,
ಚೌಕಾಬಾರದಾಗ ಬಿದ್ದ ನಾಕು ಕವಡಿ.
"ಸುಳಿಗಿ ಒಂದೇ ಹುಳ ಯಾಕಪ್ಪ?" ಅಂದೆ.
"ಭಾಳ ಇದ್ದವು ಅಕ್ಕ. ಉಳದವು ಇದೇ ತಿಂದದ."
ಆವತ್ತು ರೊಟ್ಟಿ ಗಂಟಲದಾಗ ಇಳೀಲಿಲ್ಲ.

ಸುಳಿಗೊಂದು ಚಿಟಿಕಿ ಉಸುಕು.
ಮತ್ತೊಂದು. ಮತ್ತೊಂದು.
ಹೊಸಾ ಸೊಸಿಗಿ ಉಡಿ ತುಂಬಿದಂಗ
ಗಿಡಗಿಡಕ್ಕ ಬಗ್ಗಿ ಬಗ್ಗಿ ನಡಾ ಸೋತದ.

ಬದುವಿನ ಆಚೆ ಪುತಳಾಬಾಯಿ ಹೊಲ.
ಮಾತು ಬಿಟ್ಟು ಮೂರು ದೀಪಾವಳಿ ಆದವು,
ಒಂದು ಬೇವಿನ ಕೊಂಬಿ ಸಲುವಾಗಿ.
ಪತಂಗಕ್ಕ ಬದು ಎಲ್ಲಿ ಗೊತ್ತು?
ಅಲ್ಲಿ ತತ್ತಿ ಇಟ್ಟು, ಮ್ಯಾಲ ತನ್ನ ಮೈಕೂದಲ ಹೊಚ್ಚಿ,
ಬೆಳಕು ಹರಿಯೂದ್ರಾಗ ನನ್ನ ಎಲಿ ಕೆಳಗ ಬಂದು ಮಲಗತದ.
ನಾನೊಬ್ಬಾಕಿ ಕೊಂದು ಏನು ಮಾಡಲಿ?
ಬಲತ ಹುಳಕ್ಕ ಉಸುಕೂ ಸಾಲಂಗಿಲ್ಲ.

ಅದಕ್ಕ ನಿನ್ನಿ ಮುಂಜಾನಿ ನಾನೇ ಹೋದೆ,
ತಲಿ ಮ್ಯಾಲ ತವಡಿನ ಬುಟ್ಟಿ.
ಅಕಿ ನೋಡಿದಳು. ಒಳಗ ಹೋಗಿ ಬೆಲ್ಲ ತಂದಳು.
ಹಳೇ ಬಕೀಟಿನ್ಯಾಗ ನಾಕು ಕೈ ಕಲಸಿದವು,
ಬಾಯಿ ಎರಡೂ ಮುಚ್ಚಿದ್ದವು.

ರಾತ್ರಿ ಹುದುಗಿನ ವಾಸನಿಗಿ ಅಕಿ ಮಮ್ಮಗ
ನಿದ್ದಿಗಣ್ಣಾಗ ಎದ್ದು ಬಂದು
"ಆಯಿ, ಹೋಳಗಿ ಏನ?" ಅಂತ ಕೈ ಹಾಕಿದ.
"ಮುಟ್ಟಬ್ಯಾಡ!"
ಇಬ್ಬರೂ ಒಮ್ಮಿಗೇ ಚೀರಿದಿವಿ.
ವಿಷ ಇನ್ನ ಬೆರಸಿರಲಿಲ್ಲ, ಆದರೂ.
ಹುಡುಗ ಅತ್ತ. ಅಕಿ ನಕ್ಕಳು.
ಬಕೀಟು ಅಟ್ಟಕ್ಕ ಏರಿತು.

ಇವತ್ತು ಸಂಜಿಗಿ ಔಷಧ ಕೂಡಿಸಿ,
ಕೈಗಿ ಪ್ಲಾಸ್ಟಿಕ್ ಚೀಲ ಕಟಗೊಂಡು,
ಅಕಿ ಆ ತುದಿಯಿಂದ, ನಾ ಈ ತುದಿಯಿಂದ,
ಬದುವಿಗಿ ಬಂದು ಕೂಡೂದು ಅಂತ ಮಾತಾಗ್ಯಾದ.
ಬೇವಿನ ಕೊಂಬಿ ಸುದ್ದಿ ಇನ್ನ ಯಾರೂ ತಗದಿಲ್ಲ.

ಹನ್ನೊಂದು ಸಾಲು ಉಳದಾವ.
ಉಡಿ ಹಗುರ ಆಗ್ಯಾದ,
ಉಗರಿನ ಸಂದ್ಯಾಗ ಉಸುಕು ಚುಚ್ಚತದ.